ಅಸಲಿಗೆ ಎಂದು ಬರೆದವರು (ಒಂಬತ್ತನೆಯ ಕಂತು)

"ಸಾಲದ ಮೇಲೆ ಈ ವರ್ಷ ನಿಮಗೆ ಎಷ್ಟು ಆಸಕ್ತಿ ಇತ್ತು?"

ಕೇಳಿದ್ದು ಮನುಷ್ಯರಲ್ಲ, ಕಂಪ್ಯೂಟರಿನ ಪರದೆ. ಕರಡಕ್ಕ ಪ್ರಶ್ನೆಯನ್ನು ಗಟ್ಟಿಯಾಗಿ ಓದಿ, ಕನ್ನಡಕದ ಮೇಲಿನಿಂದ ಎದುರು ಕುರ್ಚಿಯತ್ತ ನೋಡಿದಳು.

"ಏನೇನೂ ಇರಲಿಲ್ಲ," ಎಂದಳು ವ್ಯಾನಮ್ಮ. "ಆಸಕ್ತಿಯಿಂದ ಸಾಲ ಮಾಡೋರು ಇದ್ದಾರಾ ಅಕ್ಕ?"

"ಬಡ್ಡಿ ಎಷ್ಟು ಅಂತ ಕೇಳ್ತಿದೆ ಕಣೇ. ಈ ತೆರಿಗೆ ಸಾಫ್ಟ್‌ವೇರಿಗೆ ಕನ್ನಡ ಹಾಕಿದ ಮಹಾನುಭಾವನಿಗೆ ನಿಘಂಟು ಸಿಕ್ಕಿದೆ, ಅರ್ಥ ಸಿಕ್ಕಿಲ್ಲ."

ಮೂವತ್ತೊಂದು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿ ನಿವೃತ್ತಳಾದವಳು ಆಕೆ. ಅದಕ್ಕೇ ಬೀದಿಗೆಲ್ಲ ಕರಡಕ್ಕ. ಮಕ್ಕಳ ಬಾಯಲ್ಲಿ ಕರಡಿ ಅಕ್ಕ. ಇದೊಂದನ್ನು ಮಾತ್ರ ಆಕೆ ತಿದ್ದಲು ಹೋಗಿರಲಿಲ್ಲ. ಕೆಲವು ಅಚ್ಚಿನ ತಪ್ಪುಗಳು ಮೂಲ ಪ್ರತಿಗಿಂತ ನಿಜವಾಗಿರುತ್ತವೆ.

ಸಣ್ಣ ಅಕ್ಷರ ಓದುವ ತಾಳ್ಮೆ ಬೀದಿಯಲ್ಲಿ ಬೇರೆ ಯಾರಿಗೂ ಇಲ್ಲದ್ದರಿಂದ ಎಲ್ಲರ ತೆರಿಗೆ ಲೆಕ್ಕವೂ ಆಕೆಯ ಮುಂಗೋಣೆಗೇ ಬರುತ್ತಿತ್ತು. ಲೆಕ್ಕದ ಬೆನ್ನಿಗೆ ಮನೆಮನೆಯ ಗುಟ್ಟೂ ಬರುತ್ತಿತ್ತು. ವ್ಯಾನಮ್ಮನದು ಸೋಮವಾರ ಬಂದಿತ್ತು: ಅವಳು ಬಾಡಿಗೆಗೆ ಕೊಟ್ಟಿದ್ದ ಮನೆಯ ಸಾಲಕ್ಕೆ ಯಾರೋ ಕದ್ದುಮುಚ್ಚಿ ದುಡ್ಡು ಕಟ್ಟುತ್ತಿದ್ದರು.

ಕದಿಯುವವರನ್ನು ಹಿಡಿಯುವುದು ಸುಲಭ. ಅವರು ಏನನ್ನಾದರೂ ಒಯ್ದಿರುತ್ತಾರೆ. ಕೊಡುವವರು ಏನನ್ನೂ ಒಯ್ಯುವುದಿಲ್ಲ, ಹೆಜ್ಜೆಗುರುತೂ ಬಿಡುವುದಿಲ್ಲ.

"ಯಾರೇ ಆಗಿರಲಿ, ಅವರ ಹೊಟ್ಟೆ ತಣ್ಣಗಿರಲಿ," ಎಂದಳು ವ್ಯಾನಮ್ಮ. ಸೋಮವಾರದಿಂದ ಇದು ಹದಿನೇಳನೆಯ ಸಲ. ಶಾಲಾ ಮಕ್ಕಳ ವ್ಯಾನು ಓಡಿಸುವ ಹೆಂಗಸು. ಗಂಡ ತೀರಿಹೋಗಿ ಮೂರು ವರ್ಷ. ವ್ಯಾನಿನ ಕೀಲಿ ಯಾವಾಗಲೂ ಅವಳ ಬೆರಳಿನಲ್ಲೇ ಇರುತ್ತಿತ್ತು, ಉಂಗುರದ ಹಾಗೆ.

"ತಣ್ಣಗಿರಲಿ. ಆದರೆ ಹೆಸರು ನಾಳೆ ಸಂಜೆ ಐದರೊಳಗೆ ಬೇಕು," ಎಂದಳು ಕರಡಕ್ಕ.

ಐದು ಗಂಟೆಗೆ ತೆರಿಗೆ ವಿವರ ಸಲ್ಲಿಸುವ ಗಡುವು ಮುಗಿಯುತ್ತಿತ್ತು. ಮುಂದಿನ ಪುಟದಲ್ಲಿ ಕಾದಿದ್ದ ಪ್ರಶ್ನೆಗೆ ಉತ್ತರ ಆ ಹೆಸರಿನಲ್ಲಿತ್ತು: "ಸಹ ಮಾಲೀಕರು ಇದ್ದಾರೆಯೇ? ಅವರ ಪಾಲು ಶೇಕಡಾ ಎಷ್ಟು?"

ಇದ್ದರು. ವ್ಯಾನಮ್ಮನ ಗಂಡ ಸಾಲ ಕೇಳಿದಾಗ ಬ್ಯಾಂಕಿನವರು ಇನ್ನೊಂದು ಸಹಿ ಬೇಕೆಂದಿದ್ದರು. ಅವನ ಅಣ್ಣ, ಅಂದರೆ ವ್ಯಾನಮ್ಮನ ಭಾವ, ಸಹಿ ಹಾಕಿದ. ಹಾಗಾಗಿ ಮನೆಯ ಪತ್ರದಲ್ಲಿ ಅಣ್ಣತಮ್ಮಂದಿರ ಹೆಸರು ಎರಡೂ ಬಂದವು. ಅಂದೇ ಇಬ್ಬರೂ ಒಂದು ಕಾಗದದಲ್ಲಿ ಬರೆದು ಸಹಿ ಮಾಡಿದ್ದರು: "ಸಾಲ ಯಾರು ತೀರಿಸುತ್ತಾರೋ ಮನೆ ಅವರದು." ಅಲ್ಲಿಂದ ಇಲ್ಲಿಯವರೆಗೆ ಒಂದೊಂದು ಕಂತನ್ನೂ ತೀರಿಸಿದ್ದು ತಮ್ಮ, ಅವನ ನಂತರ ಅವನ ಹೆಂಡತಿ. ಪ್ರತಿವರ್ಷವೂ ಆ ಪುಟದಲ್ಲಿ ಕರಡಕ್ಕ ತುಂಬುತ್ತಿದ್ದದ್ದು ವ್ಯಾನಮ್ಮನಿಗೆ ನೂರು, ಭಾವನಿಗೆ ಸೊನ್ನೆ.

ಈ ವರ್ಷ ಭಾವ ಬಂದು, ನಾಲ್ಕು ಸಲ ಎಪ್ಪತ್ತೈದು ಸಾವಿರ ಕಟ್ಟಿದ ಪುಣ್ಯಾತ್ಮ ನಾನೇ ಎಂದ. ಐವತ್ತು ಐವತ್ತು ಎಂದು ತುಂಬಬೇಕಂತೆ. ಒಮ್ಮೆ ಅವಳೇ ಕೈಯಾರೆ ಹಾಗೆ ತುಂಬಿ ಸಲ್ಲಿಸಿದರೆ ಅರ್ಧ ಮನೆ ಹೋದ ಹಾಗೆ. ಬೇರೆ ಸಾಕ್ಷಿ ಯಾರಿಗೆ ಬೇಕು?

"ನಾಲ್ಕೂ ತಾರೀಖು ಸರಿಯಾಗಿ ಹೇಳಿದ್ರಲ್ಲ ಅಕ್ಕ?" ಎಂದಳು ವ್ಯಾನಮ್ಮ. "ಅವರೇ ಕಟ್ಟಿದ್ರೆ ಅವರ ಪಾಲು ಅವರಿಗೆ ಕೊಡೋದು ಧರ್ಮ ಅಲ್ವಾ?"

"ಸಾಲದಲ್ಲಿ ಅವರ ಸಹಿ ಇದೆ. ಲೆಕ್ಕ ಅವರ ಫೋನಿಗೂ ಬರುತ್ತೆ. ತಾರೀಖು ಓದೋದು ಕಟ್ಟಿದ ಹಾಗಾಗುತ್ತಾ? ನಾನು ನೂರಾರು ಕಾದಂಬರಿ ಓದಿದ್ದೀನಿ, ಒಂದನ್ನೂ ಬರೆದಿಲ್ಲ."

ಫೋನಿಗೆ ಬಾರದ ಒಂದು ಸಂಗತಿ ಮಾತ್ರ ಕರಡಕ್ಕನ ಮೇಜಿನ ಮೇಲಿತ್ತು. ಶಾಖೆಯಿಂದ ತಂದ ಉದ್ದನೆಯ ಪಟ್ಟಿ. ಅದರ ಕೊನೆಯ ಕಾಲಂ ಷರಾ. ಬೇರೆ ಸಾಲುಗಳಲ್ಲಿ ಅದು ಖಾಲಿ. ಆ ನಾಲ್ಕು ಸಾಲುಗಳಲ್ಲಿ ಮಾತ್ರ, ಕಟ್ಟಿದವರು ಚಲನ್ ಮೇಲೆ ಬರೆದ ಒಂದೇ ಒಂದು ಪದ ಇಳಿದಿತ್ತು.

ಅಸಲಿಗೆ.

ಆ ಪದ ನೋಡಿದ್ದೇ ವ್ಯಾನಮ್ಮ ಸೋಮವಾರ ಚಪ್ಪಾಳೆ ತಟ್ಟಿದ್ದಳು. "ಇದು ನಮ್ಮ ಬಾಡಿಗೆಯವರು! ಬಾಯಿ ತೆಗೆದರೆ ಅಸಲಿಗೆ, ಅಸಲಿಗೆ!"

ಅದಕ್ಕೇ ಈ ಬೆಳಿಗ್ಗೆ ಆ ಬಾಡಿಗೆದಾರನನ್ನು ಕರೆಸಿದ್ದರು. ಕನ್ನಡಕದ ಅಂಗಡಿಯವನು. ಬಂದವನೇ ಕುರ್ಚಿಯ ತುದಿಯಲ್ಲಿ ಕುಳಿತು ಇಬ್ಬರ ಮುಖವನ್ನೂ ನೋಡಿದ.

"ಅಸಲಿಗೆ, ನನ್ನನ್ನ ಯಾಕೆ ಕರೆಸಿದ್ರಿ?"

ವ್ಯಾನಮ್ಮ ಕರಡಕ್ಕನನ್ನು ಮೊಣಕೈಯಿಂದ ತಿವಿದಳು. ನೋಡಿದಿರಾ ಎಂಬಂತೆ.

"ನಿಮ್ಮ ಋಣ ತೀರಿಸೋದು ಹೇಗೆ ಅಂತ ಕೇಳೋಕೆ," ಎಂದಳು ಅವನಿಗೆ, ಕಣ್ಣು ತುಂಬಿಕೊಂಡು. "ಮೂರು ಲಕ್ಷ! ಹೆತ್ತವರೂ ಮಾಡಲ್ಲ."

ಅವನು ಬೆಚ್ಚಿಬಿದ್ದ. "ಯಾವ ಮೂರು ಲಕ್ಷ? ಅಸಲಿಗೆ ನಾನು ಹೋದ ತಿಂಗಳ ಬಾಡಿಗೇನೇ ಕೊಟ್ಟಿಲ್ಲ. ಅದನ್ನೇ ಕೇಳೋಕೆ ಕರೆಸಿದ್ರಿ ಅಂತ ಅಂದ್ಕೊಂಡು, ಅಸಲಿಗೆ, ಒಂದು ವಾರದ ಗಡುವು ಕೇಳೋಣ ಅಂತ ಬಂದೆ."

ಕೃತಜ್ಞತೆಯಿಂದ ಕೈ ಮುಗಿಯಲು ಎದ್ದವಳು ಹಾಗೇ ಕುಳಿತಳು.

ಕರಡಕ್ಕ ಒಂದು ಬಿಳಿ ಹಾಳೆ ಮುಂದೆ ತಳ್ಳಿದಳು. "ಆ ಗಡುವು ಕೇಳೋದನ್ನ ಇಲ್ಲಿ ಎರಡು ಸಾಲು ಬರೆದುಕೊಡಿ."

ಅವನು ಬರೆದ: "ಹಿಂದಿನ ತಿಂಗಳ ಬಾಡಿಗೆಯನ್ನು ಮುಂದಿನ ಸೋಮವಾರದೊಳಗೆ ತಲುಪಿಸುತ್ತೇನೆ. ದಯವಿಟ್ಟು ಸಹಕರಿಸಿ." ಅಚ್ಚುಕಟ್ಟಾದ ಅಕ್ಷರ. ಅಸಲಿಗೆ ಎಂಬ ಪದ ಎಲ್ಲೂ ಇರಲಿಲ್ಲ.

ಕರಡಕ್ಕ ತಲೆಯಾಡಿಸಿದಳು. ಮಾತಿನ ಚಟ ಬರವಣಿಗೆಗೆ ಇಳಿಯುವುದಿಲ್ಲ. ಇದು ಭಾಷಣಗಳ ಕರಡು ತಿದ್ದಿದವರಿಗೆಲ್ಲ ಗೊತ್ತು. ಪೆನ್ನು ಹಿಡಿದ ಕೂಡಲೇ ಮನುಷ್ಯ ಬಾಯಿ ತೊಳೆದುಕೊಳ್ಳುತ್ತಾನೆ. ಅದಲ್ಲದೆ ಚಲನ್ ಮೇಲಿನ ಷರಾದ ಜಾಗ ಹೆಬ್ಬೆರಳಿನಷ್ಟು. ಅಷ್ಟು ಜಾಗದಲ್ಲಿ ಯಾರೂ ರಾಗ ಎಳೆಯುವುದಿಲ್ಲ.

"ಅಸಲಿಗೆ, ನಾನಿನ್ನು ಹೊರಡಬಹುದಾ?"

"ಹೊರಡಿ. ಬಾಡಿಗೆ ಮರೀಬೇಡಿ," ಎಂದಳು ಕರಡಕ್ಕ.

ಅವನು ಹೋದ ಮೇಲೆ ವ್ಯಾನಮ್ಮ ಉಸ್ಸೆಂದಳು. "ಹೋಗಲಿ ಬಿಡಿ ಅಕ್ಕ. ನೀವು ಆ ಬಡ್ಡಿಯದನ್ನಾದ್ರೂ ತುಂಬಿ ಮುಗಿಸಿ."

ಬ್ಯಾಂಕು ಕೊಟ್ಟ ಪ್ರಮಾಣಪತ್ರದ ಪ್ರಕಾರ ಈ ವರ್ಷ ಕಟ್ಟಿದ ಬಡ್ಡಿ ಒಂದು ಲಕ್ಷ ಇಪ್ಪತ್ತೆರಡು ಸಾವಿರದ ಆರು ನೂರು. ಬಾಡಿಗೆ ಆದಾಯದಲ್ಲಿ ಅಷ್ಟನ್ನು ಕಳೆಯಬಹುದು. ಕರಡಕ್ಕ ಅಂಕಿ ಒತ್ತಿದಳು. ಪರದೆಯ ಮೇಲೆ ಹಳದಿ ಪಟ್ಟಿಯೊಂದು ಮೂಡಿತು: "ನಿಮ್ಮ ಆಸಕ್ತಿಯು ಕಳೆದ ವರ್ಷಕ್ಕಿಂತ ಗಣನೀಯವಾಗಿ ಕುಗ್ಗಿದೆ. ದಯವಿಟ್ಟು ಪರಿಶೀಲಿಸಿ."

ವ್ಯಾನಮ್ಮ ನಕ್ಕಳು. ಕರಡಕ್ಕ ನಗಲಿಲ್ಲ.

ಕುಗ್ಗಿತ್ತು. ಎಂದಿನ ಹಾಗೆ ಬರೀ ಕಂತು ಕಟ್ಟಿದ್ದರೆ ಈ ವರ್ಷದ ಬಡ್ಡಿ ಒಂದು ಲಕ್ಷ ಮೂವತ್ತೈದು ಸಾವಿರದ ಹತ್ತಿರ ಇರಬೇಕಿತ್ತು. ಹನ್ನೆರಡು ಸಾವಿರ ಕಡಿಮೆ. ಮೂರು ಲಕ್ಷ ಬಂದು ಬಿದ್ದದ್ದು ಎಲ್ಲಿಗೆ?

"ಬಡ್ಡಿಗಲ್ಲ," ಎಂದಳು ತನ್ನಷ್ಟಕ್ಕೆ. ಬೆರಳು ಷರಾದ ಮೇಲೆ ಹೋಯಿತು. "ಬಡ್ಡಿಗಲ್ಲ. ಅಸಲಿಗೆ."

"ಅಸಲಿಗೆ ಏನು?" ಎಂದಳು ವ್ಯಾನಮ್ಮ.

ಕರಡಕ್ಕ ಉತ್ತರಿಸುವಷ್ಟರಲ್ಲಿ ಬಾಗಿಲ ಹೊರಗೆ ಕಾರು ನಿಂತಿತು. ಹನ್ನೊಂದು ಗಂಟೆಗೆ ಬರುತ್ತೇನೆಂದಿದ್ದ ಭಾವ ಹನ್ನೊಂದಕ್ಕೇ ಬಂದಿದ್ದ. ದುಡ್ಡು ಬರಬೇಕಾದ ಕಡೆಗೆ ಮನುಷ್ಯರು ತಡಮಾಡುವುದಿಲ್ಲ.

ಭಾವನದು ಟೈಲ್ಸ್ ಅಂಗಡಿ. ಯಾರ ಮನೆಗೇ ಹೋಗಲಿ, ಹೊಸ್ತಿಲು ದಾಟಿದ ಮೇಲೆ ಹಿಮ್ಮಡಿಯಿಂದ ನೆಲ ಬಡಿದು ನೋಡುವುದು ಅವನ ರೂಢಿ. ಟಕ್ ಟಕ್ ಎಂದು ಎರಡು ಸಲ ಬಡಿದು ಮುಖ ಸಿಂಡರಿಸಿದ.

"ಪೊಳ್ಳು. ಇಲ್ಲಿ ಕಲ್ಲು ಸರಿಯಾಗಿ ಕೂತಿಲ್ಲ ಮೇಡಮ್."

"ಮೂವತ್ತು ವರ್ಷದಿಂದ ಹಾಗೇ ಇದೆ. ಇವತ್ತಿನವರೆಗೆ ಯಾರೂ ಕೆಳಗೆ ಬಿದ್ದಿಲ್ಲ. ನೀವು ಕೂತ್ಕೊಳ್ಳಿ."

ಕುಳಿತ. ವ್ಯಾನಮ್ಮ ಎದ್ದು ನಿಂತಳು. "ಬನ್ನಿ ಭಾವ. ನೀರು ಕೊಡ್ಲಾ?"

"ನೀರು ಬೇಡಮ್ಮ. ತುಂಬಿದ್ದಾಯ್ತಾ? ಐವತ್ತು, ಐವತ್ತು?" ಹಿಮ್ಮಡಿ ಕುರ್ಚಿಯ ಕೆಳಗೂ ಟಕ್ ಟಕ್ ಎನ್ನುತ್ತಲೇ ಇತ್ತು.

"ಅಲ್ಲಿಗೇ ಬರ್ತಿದ್ದೀನಿ," ಎಂದಳು ಕರಡಕ್ಕ. ಕೆಂಪು ಪೆನ್ನಿನ ಮುಚ್ಚಳ ತೆಗೆದಳು. "ಅದಕ್ಕೆ ಮುಂಚೆ ಒಂದು ವಿವರ. ನೀವು ಕಟ್ಟಿದ ದುಡ್ಡು ಯಾವ ಬಾಬ್ತು?"

"ಬಡ್ಡಿ," ಎಂದ ಭಾವ ಥಟ್ಟನೆ. "ಬಾಡಿಗೆ ಮನೆ ಅಂದ್ಮೇಲೆ ತೆರಿಗೆಗೆ ಲೆಕ್ಕಕ್ಕೆ ಬರೋದು ಬಡ್ಡಿ ತಾನೇ? ಎಲ್ಲಾ ತಿಳ್ಕೊಂಡೇ ಬಂದಿದ್ದೀನಿ ಮೇಡಮ್."

"ಮೂರು ಲಕ್ಷವೂ ಬಡ್ಡಿ?"

"ಮೂರು ಲಕ್ಷವೂ ಬಡ್ಡಿ."

"ಇಡೀ ವರ್ಷದ ಬಡ್ಡಿಯೇ ಒಂದು ಲಕ್ಷ ಇಪ್ಪತ್ತೆರಡು ಸಾವಿರ ಚಿಲ್ಲರೆ. ಅದನ್ನ ಇವಳು ಕಂತಿನಲ್ಲಿ ಕಟ್ಟಿದ್ದಾಳೆ. ನೀವು ಕಟ್ಟಿದ ಮೂರು ಲಕ್ಷ ಬಡ್ಡಿ ಯಾವ ಸಾಲದ್ದು, ಪಕ್ಕದ ಮನೆಯವರದ್ದಾ?"

ಟಕ್ ಟಕ್ ಒಂದು ಕ್ಷಣ ತಪ್ಪಿತು.

"ಬಾಯ್ತಪ್ಪಿ ಬಂತು. ಬಡ್ಡಿ ಅಲ್ಲ, ಮುಂಗಡ ಕಂತು. ಮುಂದಿನ ತಿಂಗಳುಗಳ ಕಂತನ್ನ ಮೊದಲೇ ಕಟ್ಟಿದ್ದು. ಅವಳಿಗೆ ಭಾರ ಆಗಬಾರದು ಅಂತ."

"ಒಳ್ಳೇ ಮನಸ್ಸು," ಎಂದಳು ಕರಡಕ್ಕ. "ಆದರೆ ಮುಂಗಡ ಕಂತು ಕಟ್ಟಿದ್ರೆ ಬ್ಯಾಂಕು ಅದನ್ನ ಡಬ್ಬಿಯಲ್ಲಿ ಹಾಕಿಡುತ್ತೆ. ಆಯಾ ತಿಂಗಳು ಬಂದಾಗ ತೆಗೆದು ಜಮಾ ಮಾಡ್ಕೊಳ್ಳುತ್ತೆ. ಬಡ್ಡಿ ಒಂದು ಕಾಸೂ ಇಳಿಯಲ್ಲ. ಇಲ್ಲಿ ಇಳಿದಿದೆ. ಅಷ್ಟೇ ಅಲ್ಲ, ಮೂರು ಸಲದ್ದು ಸೇರಿ ಎರಡು ಲಕ್ಷ ಇಪ್ಪತ್ತೈದು ಸಾವಿರ ಕಟ್ಟಿ ಮುಗಿದ ಮೇಲೂ ಇವಳು ತಿಂಗಳು ತಿಂಗಳೂ ಪೂರ್ತಿ ಕಂತು ಕಟ್ಟಿದ್ದಾಳೆ. ಭಾರ ಇಳಿಸಿದವರು ಮೂಟೆ ತಲೆ ಮೇಲೇ ಬಿಟ್ರಾ?"

ವ್ಯಾನಮ್ಮ ಭಾವನ ಮುಖ ನೋಡಿದಳು. ಅವಳ ಕೀಲಿ ಬೆರಳಿನಲ್ಲಿ ಒಂದು ಸುತ್ತು ತಿರುಗಿ ನಿಂತಿತು.

"ಲೆಕ್ಕ ಬರೆಯೋದು ಬ್ಯಾಂಕಿನವರ ಕೆಲಸ. ನಾನು ದುಡ್ಡು ಕೊಟ್ಟೆ, ಬಂದೆ," ಎಂದ ಭಾವ. ದನಿ ಏರಿತ್ತು.

"ಚಲನ್ ಮೇಲೆ ಏನಾದ್ರೂ ಬರೆದ್ರಾ?"

"ಹೆಸರು ಬರೆದೆ, ನಂಬರು ಬರೆದೆ. ಇನ್ನೇನು ಕಾವ್ಯ ಬರೀಬೇಕಿತ್ತಾ?"

ಇಲ್ಲಿಗೆ ಕರಡಕ್ಕ ನಿಲ್ಲಿಸಬಹುದಿತ್ತು. ಮೀನು ದಡಕ್ಕೆ ಬಂದಿತ್ತು. ಆದರೆ ಮೂವತ್ತೊಂದು ವರ್ಷ ಬೇರೆಯವರ ಮಾತನ್ನು ತಿದ್ದಿ, ತನ್ನದೊಂದು ಮಾತನ್ನೂ ಅಚ್ಚಿನಲ್ಲಿ ಕಾಣದವರಿಗೆ ಕೇಳುವವರು ಸಿಕ್ಕಾಗ ನಾಲಿಗೆಗೆ ಕಡಿವಾಣ ಇರುವುದಿಲ್ಲ. ಆಕೆ ಪಟ್ಟಿಯನ್ನು ಅವನ ಕಡೆ ತಿರುಗಿಸಿ, ಷರಾದ ಕೆಳಗೆ ಕೆಂಪು ಗೆರೆ ಎಳೆದಳು.

ಭಾವ ಓದಿದ. "ಅಸಲಿಗೆ. ಏನು ಅಸಲಿಗೆ? ಮಾತು ಅರ್ಧಕ್ಕೇ ನಿಂತಿದೆಯಲ್ಲ."

"ಪೂರ್ತಿ ಆಗಿದೆ. ನಾವೆಲ್ಲ ಇದನ್ನ ಮಾತು ಶುರು ಮಾಡೋ ಪದ ಅಂದ್ಕೊಂಡ್ವಿ. ಇದು ಬ್ಯಾಂಕಿಗೆ ಕೊಟ್ಟ ಅಪ್ಪಣೆ. ಈ ದುಡ್ಡನ್ನ ಕಂತಿಗೆ ಹಾಕಬೇಡ, ಬಡ್ಡಿಗೆ ಹಾಕಬೇಡ, ನೇರ ಅಸಲಿಗೆ ಹಾಕು. ಅಸಲು ಇಳಿದ್ರೆ ಬಡ್ಡಿ ತಾನಾಗಿ ಇಳಿಯುತ್ತೆ." ಆಕೆ ಬೆನ್ನು ನೆಟ್ಟಗೆ ಮಾಡಿಕೊಂಡಳು. "ಇದನ್ನ ಬರೆಯದೆ ಹೋದ್ರೆ ಕಟ್ಟಿದ್ದು ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ. ನನಗೂ ಗೊತ್ತಿರಲಿಲ್ಲ, ನಿಮಗೂ ಗೊತ್ತಿಲ್ಲ. ದಿನಾ ಸಾಲದ ಲೆಕ್ಕದಲ್ಲಿ ಕೈಯಾಡಿಸೋರಿಗೆ ಮಾತ್ರ ಗೊತ್ತಿರುತ್ತೆ."

"ಅದೇನು ಮಹಾ ವಿದ್ಯೆ," ಎಂದು ಭಾವ ಗುರುಗುಟ್ಟಿದ. "ಅಂಗಡಿ ಸಾಲ ಕಟ್ಟುವಾಗ ನಮ್ಮನೆಯವಳೂ ಇದನ್ನೇ ಬಡ್ಕೋತಾಳೆ, ಅಸಲಿಗೆ ಅಂತ ಬರೀರಿ, ಅಸಲಿಗೆ ಅಂತ..."

ಅಲ್ಲಿಗೆ ಅವನ ಮಾತು ನಿಂತಿತು.

ಹಿಮ್ಮಡಿಯೂ ನಿಂತಿತು. ಅವನು ಆ ನಾಲ್ಕು ಸಾಲುಗಳನ್ನು ಮತ್ತೆ ಓದಿದ, ಈ ಸಲ ನಿಧಾನವಾಗಿ, ತಾರೀಖಿನಿಂದ ಷರಾದವರೆಗೆ. ಅವನಿಗೆ ಗೊತ್ತಾದದ್ದು ಅದೇ ಕ್ಷಣ ಕರಡಕ್ಕನಿಗೂ ಗೊತ್ತಾಗಿತ್ತು.

ಭಾವ ಎದ್ದ. ಅವನ ಮುಖದಲ್ಲಿ ಸಿಟ್ಟಿನ ಸುಳಿವೂ ಇರಲಿಲ್ಲ.

"ಥ್ಯಾಂಕ್ಸ್ ಮೇಡಮ್," ಎಂದ ಬಹಳ ಮೆತ್ತಗೆ. "ಒಳ್ಳೇ ವಿಷಯ ತಿಳಿಸಿದ್ರಿ."

ಕಾರು ಹೊರಟ ಸದ್ದು ತಿರುವಿನವರೆಗೂ ಕೇಳಿಸಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಈ ಗಾದೆಯನ್ನು ಆಕೆ ಎಷ್ಟು ಶಾಲಾ ಪುಸ್ತಕಗಳಲ್ಲಿ ತಿದ್ದಿದ್ದಳೋ ಲೆಕ್ಕವಿಲ್ಲ.

"ಅಕ್ಕನಾ?" ಎಂದಳು ವ್ಯಾನಮ್ಮ. ಅವಳು ಅಕ್ಕ ಎಂದದ್ದು ಓರಗಿತ್ತಿಯನ್ನು, ಭಾವನ ಹೆಂಡತಿಯನ್ನು. "ನಮ್ಮ ಅಕ್ಕನಾ ಕಟ್ಟಿದ್ದು?"

"ಅವಳು ಕೆಲಸ ಮಾಡೋದು ಎಲ್ಲಿ?"

"ಸಹಕಾರ ಸಂಘದಲ್ಲಿ. ಸಾಲದ ವಿಭಾಗದಲ್ಲಿ."

"ಮತ್ತಿನ್ನೇನು!"

ವ್ಯಾನಮ್ಮ ನೆಲದ ಮೇಲೆ ಕುಕ್ಕರಿಸಿದಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಅವಳಿಗೇ ತಿಳಿಯಲಿಲ್ಲ. ಆಮೇಲೆ ತಾನಾಗಿ ಹೇಳತೊಡಗಿದಳು.

ಎಂಟು ವರ್ಷದ ಹಿಂದಿನ ಮಾತು. ಓರಗಿತ್ತಿಗೆ ಲೆಕ್ಕಪತ್ರದ ಪರೀಕ್ಷೆ ಕಟ್ಟುವ ಆಸೆ. ಮನೆಯಲ್ಲಿ ಪುಸ್ತಕ ತೆರೆದರೆ ಗಂಡ ದೀಪ ಆರಿಸುತ್ತಿದ್ದ. ಒಂದು ದಿನ ಅವಳು ಬಂದು, ನಿನ್ನ ವ್ಯಾನು ಒಂಬತ್ತರಿಂದ ಮೂರರವರೆಗೆ ಎಲ್ಲಿ ನಿಂತಿರುತ್ತೆ ಎಂದು ಕೇಳಿದಳು. ಶಾಲೆಯ ಹಿಂದಿನ ಗೋಡೆಯ ನೆರಳಲ್ಲಿ ಎಂದಳು ವ್ಯಾನಮ್ಮ. ಅಷ್ಟೇ. ಹೊಲಿಗೆ ಕಲಿಯುತ್ತೇನೆಂದು ಮನೆಯಲ್ಲಿ ಹೇಳಿ, ಹದಿನಾಲ್ಕು ತಿಂಗಳು ಅವಳು ಆ ಖಾಲಿ ವ್ಯಾನಿನಲ್ಲಿ, ಒಂದನೇ ತರಗತಿಯ ಮಕ್ಕಳ ಸೀಟಿನಲ್ಲಿ ಮೊಣಕಾಲು ಮಡಚಿ ಕುಳಿತು ಓದಿದಳು.

"ನಾನು ಏನು ಮಾಡ್ದೆ ಅಕ್ಕ? ಒಂದು ಕೀಲಿ ಕೊಟ್ಟೆ. ಮಕ್ಕಳು ಉದುರಿಸಿದ ಬಿಸ್ಕತ್ ಪುಡಿ ಗುಡಿಸಿಬಿಡಿ ಅಂತ ಬೇರೆ ಹೇಳ್ತಿದ್ದೆ. ದಿನಾ ಗುಡಿಸಿಡೋರು, ಪಾಪ. ಯಾವತ್ತೋ ಮರೆತುಬಿಟ್ಟಿದ್ದೆ. ಖಾಲಿ ಸೀಟಿಗೆ ಯಾರಾದ್ರೂ ಮೂರು ಲಕ್ಷ ಕೊಡ್ತಾರಾ?"

"ಜೀವನ ಪೂರ್ತಿ ನಿಂತ್ಕೊಂಡೇ ಹೋದವರನ್ನ ಕೇಳು. ಖಾಲಿ ಸೀಟಿನ ಬೆಲೆ ಅವರು ಹೇಳ್ತಾರೆ."

ವ್ಯಾನಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ಸಂಬಳದಲ್ಲಿ ಉಳಿಸಿದ್ದು ಅಂತ ಕಾಣುತ್ತೆ. ಭಾವಂಗೆ ಗೊತ್ತಾಗದ ಹಾಗೆ. ನನಗೂ ಗೊತ್ತಾಗದ ಹಾಗೆ! ಹೋದ ವಾರ ಸಿಕ್ಕಾಗ ನನ್ನ ಚಪ್ಪಲಿ ಸವೆದಿದೆ ಅಂತ ಬೈದ್ರು, ಇದನ್ನ ಒಂದು ಮಾತು ಹೇಳಲಿಲ್ಲ."

"ಫೋನ್ ಮಾಡು. ಈಗಲೇ."

ಮೂರು ಸಲ ಮಾಡಿದಳು. ಮೂರು ಸಲವೂ ರಿಂಗಾಗಿ ನಿಂತಿತು. ಸಂಘಕ್ಕೆ ಮಾಡಿದಾಗ, ಯಜಮಾನರು ಬಂದು ಕರೆದುಕೊಂಡು ಹೋದರು, ಅರ್ಧ ದಿನ ರಜೆ ಬರೆದಿದ್ದಾರೆ ಎಂಬ ಉತ್ತರ ಬಂತು.

ಕರಡಕ್ಕ ಸಹ ಮಾಲೀಕರ ಪುಟ ತೆರೆದಳು. ವ್ಯಾನಮ್ಮನಿಗೆ ನೂರು, ಭಾವನಿಗೆ ಸೊನ್ನೆ. ತುಂಬಿದಳು. ಆದರೆ ಸಲ್ಲಿಸು ಎಂಬ ಗುಂಡಿಯ ಹತ್ತಿರ ಹೋದ ಬೆರಳು ವಾಪಸ್ ಬಂತು. ಆ ಕಾಗದದ ಪ್ರಕಾರ ಸಾಲ ತೀರಿಸಿದವರದು ಮನೆ. ಕಟ್ಟಿದವಳ ಬಾಯಿಂದ 'ಅದು ಉಡುಗೊರೆ, ನನಗೆ ಪಾಲು ಬೇಡ' ಎಂಬ ಒಂದು ಮಾತು ಬಂದರೆ ಎಲ್ಲ ಸರಿಹೋಗುತ್ತಿತ್ತು.

ಆ ಬಾಯಿ ಎರಡೂವರೆಗೆ ತಾನಾಗಿ ಬಾಗಿಲಿಗೆ ಬಂತು.

ಕಚೇರಿಯ ಸೀರೆಯಲ್ಲೇ ಇದ್ದಳು ಓರಗಿತ್ತಿ. ಕುತ್ತಿಗೆಯಲ್ಲಿ ಸಂಘದ ಗುರುತಿನ ಚೀಟಿ ಇನ್ನೂ ನೇತಾಡುತ್ತಿತ್ತು. ತಲೆ ಬಾಚಿದ್ದು ಕೆದರಿರಲಿಲ್ಲ, ಮುಖದಲ್ಲಿ ಅತ್ತ ಗುರುತಿರಲಿಲ್ಲ. ಅಷ್ಟು ಅಚ್ಚುಕಟ್ಟಾಗಿದ್ದದ್ದೇ ಕರಡಕ್ಕನಿಗೆ ಸರಿಬರಲಿಲ್ಲ. ತಪ್ಪೇ ಇಲ್ಲದ ಕರಡು ಬಂದರೆ ಎರಡು ಸಲ ಓದಬೇಕು.

"ಅಕ್ಕಾ!" ವ್ಯಾನಮ್ಮ ಓಡಿಹೋಗಿ ಅವಳ ಎರಡೂ ಕೈ ಹಿಡಿದುಕೊಂಡಳು. "ಯಾಕಕ್ಕಾ ಹೀಗೆ ಮಾಡಿದ್ರಿ? ನಾನು ಯಾವ ಜನ್ಮದಲ್ಲಿ ತೀರಿಸ್ಲಿ ಇದನ್ನ?"

"ಬಿಡು ಮಾರಾಯ್ತಿ," ಎಂದಳು ಓರಗಿತ್ತಿ. ಒಂದು ಗಳಿಗೆ ಅವಳ ಹಸ್ತ ವ್ಯಾನಮ್ಮನ ಕೆನ್ನೆಯ ಮೇಲೆ ನಿಂತಿತು. ಆಮೇಲೆ ಕೈ ಬಿಡಿಸಿಕೊಂಡು ಮೇಜಿನ ಹತ್ತಿರ ಬಂದು ಕುಳಿತಳು. ಇನ್ನೊಂದು ಕೈಯಲ್ಲಿದ್ದ ಫೋನನ್ನು ಮೇಜಿನ ಮೇಲೆ, ಕಂಪ್ಯೂಟರಿನ ಪಕ್ಕಕ್ಕೆ ಇಟ್ಟಳು. "ನಾನು ಬಂದಿದ್ದು ಒಂದು ವಿಷಯ ಹೇಳೋಕೆ. ಆ ದುಡ್ಡು ನಂದಲ್ಲ."

"ಅಂದ್ರೆ?"

"ನಿಮ್ಮ ಭಾವಂದು. ಅವರು ಕೊಟ್ರು, ನಾನು ಹೋಗಿ ಕಟ್ಟಿ ಬಂದೆ. ನಾಲ್ಕು ಸಲವೂ. ಚಲನ್ ಮೇಲೆ ಬರೆದದ್ದು ನನ್ನ ಕೈ, ಅಷ್ಟೇ." ಪಾಠ ಒಪ್ಪಿಸುವ ಮಕ್ಕಳ ದನಿ. ಎಲ್ಲೂ ತಡವರಿಸಲಿಲ್ಲ, ಎಲ್ಲೂ ಉಸಿರು ಬದಲಿಸಲಿಲ್ಲ. "ಅವರಿಗೆ ಅರ್ಧ ಬರೀಬೇಕು. ಐವತ್ತು, ಐವತ್ತು."

ವ್ಯಾನಮ್ಮನ ಮುಖದ ಮೇಲಿನ ಬೆಳಕು ಮೆಲ್ಲಗೆ ಇಳಿಯಿತು. ಆದರೂ ಪೂರ್ತಿ ಆರಲಿಲ್ಲ. ಅವಳು ಕಿಟಕಿಯ ಕಡೆ ತಿರುಗಿ ನಿಂತಳು.

"ಬೇರೆ ಯಾರು ಹೇಳಿದ್ರೂ ನಂಬ್ತಿರಲಿಲ್ಲ," ಎಂದಳು ಬೆನ್ನು ಮಾಡಿಯೇ. "ಆದರೆ ನೀವು ಹೇಳಿದ್ರೆ ಮುಗೀತು ಅಕ್ಕ. ದುಡ್ಡು ಯಾರದ್ದೇ ಇರಲಿ, ಮಳೆ ಬಿಸಿಲು ಅನ್ನದೆ ಹೋಗಿ ಕಟ್ಟಿದವರು ನೀವು. ಕರಡಕ್ಕ, ಬರೀರಿ. ಐವತ್ತು."

ಕರಡಕ್ಕ ಓರಗಿತ್ತಿಯನ್ನು ನೋಡಿದಳು.

ಓರಗಿತ್ತಿಯೂ ಆಕೆಯನ್ನೇ ನೋಡುತ್ತಿದ್ದಳು, ಕಣ್ಣು ಮಿಟುಕಿಸದೆ. "ಹೌದು. ಬರೀರಿ," ಎಂದಿತು ಬಾಯಿ. ತಲೆ ಮಾತ್ರ ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ಆಡಿತು. ಬೇಡ. ಅವಳ ತೋರುಬೆರಳು ಮೇಜಿನ ಮೇಲೆ ಅರ್ಧ ಗೇಣು ಜಾರಿ ಫೋನಿನ ಅಂಚನ್ನು ಮುಟ್ಟಿತು.

ಕರೆ ನಡೆಯುತ್ತಿತ್ತು. ಹನ್ನೊಂದು ನಿಮಿಷ ನಲವತ್ತು ಸೆಕೆಂಡು, ನಲವತ್ತೊಂದು, ನಲವತ್ತೆರಡು. ಆ ತುದಿಯಲ್ಲಿ ಯಾರೋ ಸದ್ದಿಲ್ಲದೆ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು.

ಮೂರು ಗಂಟೆ ಕಾಲದಲ್ಲಿ ಅವನು ಈ ಹೆಂಗಸಿನ ಯಾವ ಜುಟ್ಟು ಹಿಡಿದುಕೊಂಡ? ಹದಿನಾಲ್ಕು ತಿಂಗಳು ಗಂಡನ ಕಣ್ಣಿಗೆ ಮಣ್ಣೆರಚಿ ಓದಿದವಳನ್ನು ಒಂದು ಮಧ್ಯಾಹ್ನದಲ್ಲಿ ಗಿಣಿ ಮಾಡಿದ್ದು ಯಾವುದು?

"ಬರೀತಾ ಇದ್ದೀನಿ," ಎಂದಳು ಕರಡಕ್ಕ, ಫೋನಿಗೆ ಕೇಳುವಷ್ಟು ಜೋರಾಗಿ. ಕೀಲಿಮಣೆಯ ಮೇಲೆ ಬೆರಳುಗಳನ್ನು ಸದ್ದಾಗುವಂತೆ ಆಡಿಸಿದಳು. ಪರದೆಯ ಮೇಲಿನ ನೂರು ನೂರಾಗಿಯೇ ಇತ್ತು, ಸೊನ್ನೆ ಸೊನ್ನೆಯಾಗಿಯೇ.

ಓರಗಿತ್ತಿ ಉಸಿರು ಬಿಟ್ಟಳು. ಅವಳ ತುಟಿ ಸದ್ದಿಲ್ಲದೆ ಏನೋ ಹೇಳಿತು. ಥ್ಯಾಂಕ್ಸ್ ಇರಬೇಕು.

ಆಗ ಫೋನು ಒಮ್ಮೆ ನಡುಗಿತು. ಕರೆಯ ಮೇಲೆಯೇ ಒಂದು ಸಂದೇಶ ಬಂದು ಕುಳಿತಿತು. ಕರಡಕ್ಕ ಕುಳಿತಲ್ಲಿಗೆ ಅಕ್ಷರ ತಲೆಕೆಳಗು. ಆದರೆ ಅಚ್ಚಿನ ಮೊಳೆಗಳನ್ನು ಎತ್ತ ಹಿಡಿದರೂ ಓದಬೇಕಿದ್ದ ಕಾಲದಲ್ಲಿ ಕೆಲಸ ಕಲಿತವಳಿಗೆ ಅದೇನು ಕಷ್ಟವಲ್ಲ.

"ನೀನೇ ಸಲ್ಲಿಸು ಒತ್ತು. ಒತ್ತೋದನ್ನ ನಾನು ನೋಡಬೇಕು. ಕ್ಯಾಮೆರಾ ಆನ್ ಮಾಡು, ಈಗಲೇ."